‘ಸರ್ವೇ ಅಷ್ಟೇ’ ಎಂಬ ಸುಳ್ಳು ಸಮಾಧಾನ

ಭೂಮಿಯ ಒಡಲಿನ ಸಂಪತ್ತಿನ ಮಾತು ಬಂದಾಗಲೆಲ್ಲ ಸರ್ಕಾರದ ಪ್ರಕಟಣೆಗಳಲ್ಲಿ, ಕಂಪನಿಗಳ ವಾರ್ಷಿಕ ವರದಿಗಳಲ್ಲಿ, ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಒಂದೇ ವಾದ ಕೇಳಿಬರುತ್ತದೆ. ಗಣಿಗಾರಿಕೆ ಬೇರೆ, ಶೋಧ ಬೇರೆ. ಗಣಿ ತೋಡುವ ಹೊತ್ತಿಗೆ ಜನರನ್ನು ಕೇಳೋಣ, ಪರಿಸರದ ಹಾನಿ ಅಳೆಯೋಣ, ಪರಿಹಾರವನ್ನೂ ಕೊಡೋಣ. ಈಗ ನಡೆಯುತ್ತಿರುವುದು ಸರ್ವೇ ಅಷ್ಟೇ. ಕೆಳಗೆ ಏನಿದೆ ಎಂದು ನೋಡುವುದಕ್ಕೆ ಯಾರ ಅಪ್ಪಣೆ ಬೇಕು, ನೋಡಿದರೆ ಯಾರಿಗೇನು ನಷ್ಟ ಎಂಬುದು ಆ ವಾದದ ತಿರುಳು. ಇದು ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಗಣಿಗಾರಿಕೆಯ ವಿರುದ್ಧ ಬೀದಿಗಿಳಿಯುವವರು ಕೂಡ ಶೋಧದ ಹಂತದಲ್ಲಿ ಸುಮ್ಮನಿದ್ದು, ಗುತ್ತಿಗೆಯ ಕಾಗದ ಹೊರಬಿದ್ದ ಮೇಲೆ ಎಚ್ಚೆತ್ತುಕೊಳ್ಳುತ್ತಾರೆ. ಈ ವಾದ ತಪ್ಪು ಎಂಬುದೇ ನನ್ನ ತಕರಾರು. ಶೋಧವೇ ಒಂದು ಕೆಲಸ, ಅದಕ್ಕೆ ಅದರದೇ ಹಾನಿಯಿದೆ. ಅದಕ್ಕಿಂತ ಮುಖ್ಯವಾಗಿ, ಗಣಿಯ ನಿರ್ಧಾರ ಬಹುಪಾಲು ಆಗಿಹೋಗುವುದು ಶೋಧದ ಹಂತದಲ್ಲೇ. ಆದ್ದರಿಂದ ಆ ನೆಲವನ್ನೋ ಕಡಲನ್ನೋ ನಂಬಿ ಬದುಕುವವರ ಒಪ್ಪಿಗೆಯನ್ನು ಮೊದಲ ಹಡಗು ಹೊರಡುವ ಮುನ್ನ, ಮೊದಲ ಕೊಳವೆ ಇಳಿಯುವ ಮುನ್ನ ಕೇಳಬೇಕು. ಆಮೇಲೆ ಕೇಳುವ ಒಪ್ಪಿಗೆ ಬರೀ ಕಲಾಪವಾಗಿ ಉಳಿಯುತ್ತದೆ.

ಈ ಮಾತನ್ನು ಪರೀಕ್ಷಿಸಲು ಮುಂಬಯಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಖನಿಜ ಶೋಧ ಎಂದಾಗ ನಮ್ಮ ಕಣ್ಣ ಮುಂದೆ ಬಳ್ಳಾರಿಯ ಕೆಂಪು ಧೂಳೋ ಒಡಿಶಾದ ಬೆಟ್ಟವೋ ಬರುತ್ತದೆ. ಆದರೆ ದೇಶದ ಅತಿ ದೊಡ್ಡ ಶೋಧಗಳಲ್ಲೊಂದು ನಡೆದದ್ದು ಈ ಮಹಾನಗರದ ಎದುರಿನ ಕಡಲಿನಲ್ಲಿ. 1960ರ ದಶಕದ ಮಧ್ಯದಲ್ಲಿ ಸೋವಿಯತ್ ಸಮೀಕ್ಷಾ ಹಡಗೊಂದು ಇಲ್ಲಿನ ಕಡಲತಳದಡಿಯ ಪದರಗಳನ್ನು ಗುರುತಿಸಿತು. 1974ರ ಫೆಬ್ರುವರಿಯಲ್ಲಿ ‘ಸಾಗರ್ ಸಾಮ್ರಾಟ್’ ಎಂಬ ಕೊರೆಯುವ ವೇದಿಕೆ ತೋಡಿದ ಬಾವಿಯಲ್ಲಿ ತೈಲ ಸಿಕ್ಕಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ನಗರದಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ಎಂಬ ಈ ತೈಲಕ್ಷೇತ್ರ ದೇಶದ ಹೆಮ್ಮೆಯಾಯಿತು, ಅದು ತಕ್ಕ ಹೆಮ್ಮೆಯೇ. ಆದರೆ ಆ ಕಡಲು ಖಾಲಿ ಬಿದ್ದಿರಲಿಲ್ಲ. ವರ್ಸೋವಾ, ಮಢ್, ಮನೋರಿ, ಗೋರಾಯಿ, ವರ್ಲಿ, ಮಾಹಿಮ್, ಖಾರ್‌ದಂಡಾ, ಕೊಲಾಬಾ, ಟ್ರಾಂಬೆಯ ಕೋಲಿವಾಡಗಳ, ಅಂದರೆ ಕೋಲಿ ಮೀನುಗಾರರ ಕೇರಿಗಳ, ಜನ ಏಳು ದ್ವೀಪಗಳು ಒಂದಾಗಿ ನಗರವಾಗುವ ಮೊದಲಿನಿಂದಲೂ ಈ ಕಡಲಿನಲ್ಲಿ ಬಲೆ ಬೀಸಿದವರು. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ತೈಲ ಸಿಕ್ಕಾಗ ಅವರನ್ನು ಯಾರೂ ಕೇಳಲಿಲ್ಲ. ವೇದಿಕೆಗಳು ಎದ್ದವು, ಪ್ರತಿ ವೇದಿಕೆಯ ಸುತ್ತ 500 ಮೀಟರ್ ಸುರಕ್ಷತಾ ವಲಯ ಬಂತು, ಕಡಲತಳದಲ್ಲಿ ಉರಣದವರೆಗೆ ಪೈಪುಗಳನ್ನು ಹಾಸಲಾಯಿತು. ಬಲೆ ಬೀಸುವ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಇವತ್ತಿಗೂ ಹೊಸ ನಿಕ್ಷೇಪ ಹುಡುಕಲು, ಹಳೆಯ ನಿಕ್ಷೇಪದ ಉಳಿದ ತೈಲವನ್ನು ಅಂದಾಜಿಸಲು ಸಮೀಕ್ಷಾ ಹಡಗುಗಳು ಈ ಕಡಲಿಗೆ ಬರುತ್ತಲೇ ಇವೆ.

ಆ ಹಡಗು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ‘ಸರ್ವೇ ಅಷ್ಟೇ’ ಎಂಬ ಮಾತಿನ ಬಣ್ಣ ಬಯಲಾಗುತ್ತದೆ. ಸೈಸ್ಮಿಕ್ ಸರ್ವೇ ಹಡಗಿನ ಹಿಂದೆ ನೀರಿನಲ್ಲಿ ಏರ್‌ಗನ್‌ಗಳ ಸಾಲು ತೇಲುತ್ತದೆ. ಭಾರೀ ಒತ್ತಡದಲ್ಲಿ ತುಂಬಿಟ್ಟ ಗಾಳಿ ಹತ್ತು ಸೆಕೆಂಡಿಗೊಮ್ಮೆ ಎಂಬಂತೆ ಸಿಡಿಯುತ್ತದೆ. ಆ ಸದ್ದು ಕಡಲತಳವನ್ನು ಹೊಕ್ಕು, ಕೆಳಗಿನ ಬಂಡೆಯ ಪದರಗಳಿಗೆ ಬಡಿದು ಹಿಂದಿರುಗುತ್ತದೆ. ಹಿಂದಿರುಗುವ ಸದ್ದನ್ನು ಹಿಡಿಯಲು ಹಡಗಿನ ಬೆನ್ನಿಗೆ ಹಲವು ಕಿಲೋಮೀಟರ್ ಉದ್ದದ ಕೇಬಲ್‌ಗಳು ಇರುತ್ತವೆ. ಇದು ಹಗಲು ರಾತ್ರಿ, ವಾರಗಟ್ಟಲೆ, ಗಂಟೆಗೆ ನಾಲ್ಕೈದು ನಾಟಿಕಲ್ ಮೈಲಿ ವೇಗದಲ್ಲಿ, ಉಳುಮೆಯ ಸಾಲಿನಂತೆ ಒಂದರ ಪಕ್ಕ ಒಂದು ಗೆರೆ ಎಳೆಯುತ್ತಾ ಸಾಗುತ್ತದೆ. ಅಷ್ಟುದ್ದದ ಬಾಲ ಹೊತ್ತ ಹಡಗು ತಟ್ಟನೆ ನಿಲ್ಲಲಾರದು, ತಟ್ಟನೆ ತಿರುಗಲಾರದು. ಹಾಗಾಗಿ ದಾರಿ ಬಿಡಬೇಕಾದವರು ಮೀನುಗಾರರೇ. ಸರ್ವೇ ನಡೆಯುವಷ್ಟು ದಿನ ಆ ಪ್ರದೇಶಕ್ಕೆ ಬರಬೇಡಿ ಎಂಬ ಸೂಚನೆ ಮೀನುಗಾರರ ಸಹಕಾರ ಸಂಘಗಳಿಗೆ ತಲುಪುತ್ತದೆ. ಕಾವಲು ಬೋಟುಗಳು ಬಲೆಗಳನ್ನೂ ದೋಣಿಗಳನ್ನೂ ದೂರ ಅಟ್ಟುತ್ತವೆ. ಬೊಂಬಿಲ್ ಹಿಡಿಯುವ ಡೋಲ್ ಬಲೆಯನ್ನು ಹೀಗೆ ಎತ್ತಿ ಬೇರೆಡೆ ಹಾಕಿಬಿಡುವಂತಿಲ್ಲ. ಭರತ ಇಳಿತಗಳ ಸೆಳೆತ ನೋಡಿ, ಕಡಲತಳದಲ್ಲಿ ಆಧಾರ ಊರಿ, ತಲೆಮಾರುಗಳಿಂದ ಗೊತ್ತುಮಾಡಿಕೊಂಡ ಜಾಗದಲ್ಲಿ ಕಟ್ಟುವ ಚೀಲದಂಥ ಬಲೆ ಅದು. ಜಾಗ ಹೋದರೆ ಬಲೆಯೂ ನಿಷ್ಪ್ರಯೋಜಕ. ಕಾಲದ ಲೆಕ್ಕವನ್ನೂ ಗಮನಿಸಬೇಕು. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆಗೆ ನಿಷೇಧ. ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಕೋಲಿಗಳು ಹಂಗಾಮು ಶುರುಮಾಡುತ್ತಾರೆ, ಮಳೆ ನಿಂತು ಕಡಲು ತಣ್ಣಗಾದ ತಿಂಗಳುಗಳೇ ಅವರ ದುಡಿಮೆಯ ತಿಂಗಳುಗಳು. ಸಮೀಕ್ಷಾ ಹಡಗಿಗೂ ಬೇಕಾದದ್ದು ಅದೇ ತಣ್ಣನೆಯ ಕಡಲು. ಇಬ್ಬರ ಪಂಚಾಂಗವೂ ಒಂದೇ ಆದಾಗ ಒಬ್ಬರು ಹಿಂದೆ ಸರಿಯಬೇಕಾಗುತ್ತದೆ, ಮತ್ತು ಯಾರು ಸರಿಯಬೇಕು ಎಂಬುದನ್ನು ಈವರೆಗೆ ಒಬ್ಬರನ್ನು ಮಾತ್ರ ಕೇಳಿ ತೀರ್ಮಾನಿಸಲಾಗಿದೆ.

ಜಾಗದ ಪ್ರಶ್ನೆ ಬಿಟ್ಟು ಮೀನಿನ ಪ್ರಶ್ನೆಗೆ ಬರೋಣ. ಈ ಬಗ್ಗೆ ಹೆಚ್ಚು ಉಲ್ಲೇಖಿತವಾದ ಅಧ್ಯಯನ ನಡೆದದ್ದು ಉತ್ತರದ ಶೀತ ಕಡಲಿನಲ್ಲಿ. ನಾರ್ವೆಯ ವಿಜ್ಞಾನಿಗಳು 1992ರಲ್ಲಿ ಬ್ಯಾರೆಂಟ್ಸ್ ಸಮುದ್ರದಲ್ಲಿ ಏರ್‌ಗನ್ ಸಿಡಿಸುವ ಮೊದಲು, ಸಿಡಿಸುವಾಗ, ಸಿಡಿಸಿದ ಮೇಲೆ ಮೀನು ಹಿಡಿದು ನೋಡಿದರು. ಇಡೀ ಪ್ರದೇಶದಲ್ಲಿ ಕಾಡ್ ಮತ್ತು ಹ್ಯಾಡಕ್ ಮೀನಿನ ಟ್ರಾಲ್ ಇಳುವರಿ ಸರಾಸರಿ ಅರ್ಧಕ್ಕಿಳಿಯಿತು. ಸರ್ವೇ ನಡೆದ ಜಾಗದಲ್ಲಿ ಇಳಿಕೆ ಸುಮಾರು ಶೇಕಡಾ 70. ಪರಿಣಾಮ 18 ನಾಟಿಕಲ್ ಮೈಲಿ ದೂರದಲ್ಲೂ ಕಂಡಿತು, ಸದ್ದು ನಿಂತ ಐದು ದಿನಗಳಲ್ಲೂ ಇಳುವರಿ ಮೊದಲಿನ ಮಟ್ಟಕ್ಕೆ ಮರಳಲಿಲ್ಲ. 2017ರಲ್ಲಿ ಟಾಸ್ಮೇನಿಯಾದ ಕಡಲಿನಲ್ಲಿ ನಡೆದ ಪ್ರಯೋಗವೊಂದು ಮೀನುಗಳ ಆಹಾರವಾದ ತೇಲುವ ಕಿರುಜೀವಿಗಳು ಒಂದು ಕಿಲೋಮೀಟರಿಗೂ ಹೆಚ್ಚು ದೂರದವರೆಗೆ ಸತ್ತದ್ದನ್ನು ದಾಖಲಿಸಿತು. ಎಲ್ಲ ಅಧ್ಯಯನಗಳೂ ಇದೇ ಮಾತು ಹೇಳುತ್ತವೆ ಎನ್ನಲಾಗದು. ನಾರ್ವೆಯಲ್ಲೇ ಆಮೇಲೆ ನಡೆದ ಪ್ರಯೋಗದಲ್ಲಿ ಅಂಥ ಜೀವಿಗಳಿಗೆ ಹಾನಿ ಏರ್‌ಗನ್ನಿನ ತೀರಾ ಸಮೀಪದಲ್ಲಷ್ಟೇ ಕಂಡಿತು. ಆದರೆ ಈ ಭಿನ್ನಾಭಿಪ್ರಾಯ ಯಾರ ಪರವಾಗಿ ನಿಲ್ಲಬೇಕು? ಹಾನಿ ಖಚಿತವಾಗಿಲ್ಲ, ಆದ್ದರಿಂದ ಸರ್ವೇ ನಡೆಯಲಿ ಎನ್ನುವುದು ಒಂದು ದಾರಿ. ಹಾನಿಯಿಲ್ಲವೆಂಬುದೂ ಖಚಿತವಾಗಿಲ್ಲ, ಆದ್ದರಿಂದ ನಷ್ಟ ಹೊರುವವರನ್ನು ಕೇಳಿ ಮುಂದುವರಿಯೋಣ ಎನ್ನುವುದು ಇನ್ನೊಂದು. ನಾರ್ವೆ ತಕ್ಕಮಟ್ಟಿಗೆ ಎರಡನೆಯದನ್ನು ಹಿಡಿದಿದೆ: ಸಮೀಕ್ಷಾ ಹಡಗಿನಲ್ಲಿ ಮೀನುಗಾರಿಕೆ ಬಲ್ಲ ಪರಿಣತನೊಬ್ಬ ಇರಲೇಬೇಕು, ತೈಲ ಚಟುವಟಿಕೆಯಿಂದ ಮೀನುಗಾರರಿಗಾಗುವ ನಷ್ಟಕ್ಕೆ ಪರಿಹಾರದ ನಿಯಮ ಪೆಟ್ರೋಲಿಯಂ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಸರ್ವೇ ಮುಗಿದ ಮೇಲೆ ಪರಿಹಾರ ಕೊಡಿ ಎಂದು ಮೀನುಗಾರ ಸಂಘಟನೆಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ.

ಇನ್ನು ಎರಡನೆಯ, ಹೆಚ್ಚು ಗಂಭೀರವಾದ ಮಾತು. ಶೋಧವನ್ನೂ ಗಣಿಯನ್ನೂ ಬೇರೆ ಬೇರೆ ಎಂದು ಭಾಷಣದಲ್ಲಿ ಹೇಳುವ ಸರ್ಕಾರ ಕಾನೂನಿನಲ್ಲಿ ಅವೆರಡನ್ನೂ ಒಂದಾಗಿ ಹೊಲಿದಿದೆ. ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಶೋಧದ ಪರವಾನಗಿ ಮತ್ತು ಗಣಿ ಗುತ್ತಿಗೆಗಳನ್ನು ಸೇರಿಸಿ ಒಂದೇ ಸಂಯುಕ್ತ ಪರವಾನಗಿಯಾಗಿ ಹರಾಜು ಹಾಕುವ ವ್ಯವಸ್ಥೆ ತಂದಿತು. ಹುಡುಕಿ ಕಂಡುಕೊಂಡವನಿಗೆ ಅಗೆಯುವ ಹಕ್ಕು ಅದರಲ್ಲೇ ಅಡಗಿದೆ. 2016ರ ಹೊಸ ತೈಲ ನೀತಿಯಲ್ಲೂ ಒಂದೇ ಒಪ್ಪಂದ ಶೋಧ ಮತ್ತು ಉತ್ಪಾದನೆ ಎರಡನ್ನೂ ಒಳಗೊಳ್ಳುತ್ತದೆ, ಯಾವ ಪ್ರದೇಶದಲ್ಲಿ ಹುಡುಕಬೇಕು ಎಂದು ಆರಿಸುವ ಅವಕಾಶವೂ ಕಂಪನಿಗಿದೆ. 2023ರ ತಿದ್ದುಪಡಿ 29 ಖನಿಜಗಳಿಗೆ ಪ್ರತ್ಯೇಕ ಶೋಧ ಪರವಾನಗಿ ತಂದಿತೇನೋ ನಿಜ. ಆದರೆ ಅಲ್ಲಿಯೂ ಶೋಧಕನ ಪ್ರತಿಫಲ ಬರುವುದು ಮುಂದೆ ಅಲ್ಲಿ ಗಣಿ ನಡೆಸುವವರು ಕಟ್ಟುವ ಹರಾಜು ಪ್ರೀಮಿಯಂನ ಪಾಲಿನಿಂದ. ಗಣಿ ಆಗದಿದ್ದರೆ ಆ ಪಾಲು ಇಲ್ಲ. ಇದರಲ್ಲಿ ವಂಚನೆಯೇನಿಲ್ಲ, ಬಂಡವಾಳದ ಸಹಜ ತರ್ಕವಿದೆ: ಕೈಗೆ ಏನೂ ಸಿಗದೆಂದು ಗೊತ್ತಿದ್ದರೆ ಯಾರೂ ಕೋಟಿಗಟ್ಟಲೆ ಹಣ ಹಾಕಿ ಹುಡುಕುವುದಿಲ್ಲ. ಹಾಗಿದ್ದ ಮೇಲೆ ಶೋಧಕ್ಕೆ ಹೂಡಿದ ಪ್ರತಿ ರೂಪಾಯಿಯೂ ಗಣಿಯ ಪರವಾಗಿ ಬಿದ್ದ ಮತ. ನಿಕ್ಷೇಪದ ಅಂದಾಜು ಪ್ರಕಟವಾದ ದಿನವೇ ದಲಾಲ್ ಸ್ಟ್ರೀಟಿನಲ್ಲಿ ಷೇರಿನ ಬೆಲೆ ಏರುತ್ತದೆ, ಬ್ಯಾಂಕು ಸಾಲಕ್ಕೆ ಲೆಕ್ಕ ಹಾಕುತ್ತದೆ, ಸರ್ಕಾರ ರಾಜಸ್ವದ ಕನಸು ಕಾಣುತ್ತದೆ. ಇಷ್ಟೆಲ್ಲ ಆದ ಮೇಲೆ ಆ ಊರಿನವರ ಮುಂದೆ ಹೋಗಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ, ‘ಬೇಡ’ ಎಂಬ ಉತ್ತರಕ್ಕೆ ಅಲ್ಲಿ ಜಾಗ ಎಲ್ಲಿ ಉಳಿದಿರುತ್ತದೆ?

ಜಾಗ ಉಳಿಯದಂತೆ ನೋಡಿಕೊಳ್ಳುವ ಕೆಲಸ ಕಾಗದದ ಮೇಲೂ ನಡೆದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಕೊರೆಯುವಿಕೆ ಇಲ್ಲದ ಸರ್ವೇಗಳಿಗೆ ಮೊದಲೇ ವಿನಾಯಿತಿ ಕೊಟ್ಟಿತ್ತು. 2020ರ ಜನವರಿಯಲ್ಲಿ ತೈಲ ಮತ್ತು ಅನಿಲ ಶೋಧದ ಕೊರೆಯುವಿಕೆಯನ್ನೂ ಬಿ-2 ವರ್ಗಕ್ಕೆ ಇಳಿಸಲಾಯಿತು. ಅಂದರೆ ಅದಕ್ಕೆ ಸಾರ್ವಜನಿಕ ಅಹವಾಲು ಸಭೆಯೇ ಬೇಕಿಲ್ಲ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಸೈಸ್ಮಿಕ್ ಸರ್ವೇಯೂ ಸೇರಿದಂತೆ ಸಮೀಕ್ಷೆ, ಶೋಧಗಳನ್ನು ‘ಅರಣ್ಯೇತರ ಬಳಕೆ’ ಅಲ್ಲವೆಂದು ಷರತ್ತಿನ ಮೇಲೆ ಆದೇಶಿಸುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. 2025ರ ಸೆಪ್ಟೆಂಬರ್‌ನಲ್ಲಿ ಪರಮಾಣು ಖನಿಜಗಳು ಹಾಗೂ ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೇ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಸಿಕ್ಕಿತು. ಶೋಧದ ಹಂತದಲ್ಲಿ ‘ಗಣಿ ಬಂದಾಗ ಕೇಳುತ್ತೇವೆ’ ಎಂದು ಹೇಳಿದ ಬಾಯಿಯೇ ಗಣಿಯ ಹಂತದಲ್ಲಿ ‘ದೇಶದ ಭದ್ರತೆ, ಈಗ ಕೇಳಲು ಸಮಯವಿಲ್ಲ’ ಎನ್ನುತ್ತಿದೆ. ಮುಂದೂಡಿದ ಪ್ರಶ್ನೆಯನ್ನು ಕೊನೆಗೆ ರದ್ದು ಮಾಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ತಡವಾಗಿ ಕೇಳಿದರೆ ಏನಾಗುತ್ತದೆ ಎಂಬ ಅನುಭವ ನಮಗೆ ಹೊಸದೇನಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟಿನ ಬಗ್ಗೆ ಡೊಂಗ್ರಿಯಾ ಕೊಂಧ ಆದಿವಾಸಿಗಳ ಗ್ರಾಮಸಭೆಗಳನ್ನು ಕೇಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ, ಹನ್ನೆರಡು ಸಭೆಗಳೂ ಬೇಡವೆಂದವು. ಅಷ್ಟರಲ್ಲಿ ಬೆಟ್ಟದ ಬುಡದ ಲಾಂಜಿಗಢದಲ್ಲಿ ಅಲ್ಯುಮಿನಾ ಕಾರ್ಖಾನೆ ಎದ್ದು ವರ್ಷಗಳೇ ಆಗಿದ್ದವು. ಮೊದಲೇ ಕೇಳಿದ್ದರೆ ಜನರ ನೆಮ್ಮದಿಯೂ ಕಂಪನಿಯ ಹಣವೂ ಉಳಿಯುತ್ತಿತ್ತು. ಮುಂಬಯಿಯ ಆಚೆ ದಡದ ಉರಣದಲ್ಲಿ ಬಂದರು ಮತ್ತು ನಗರಾಭಿವೃದ್ಧಿಯ ಕಾಮಗಾರಿಗಳಿಂದ ಮೀನುಗಾರಿಕೆಯ ಜಾಗ ಕಳೆದುಕೊಂಡ 1,630 ಕುಟುಂಬಗಳಿಗೆ ಸುಮಾರು 95 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದ್ದು 2015ರಲ್ಲಿ, ಜಾಗ ಹೋದ ಮೇಲೆ. ನಗರದೊಳಗೇ ಕೋಸ್ಟಲ್ ರೋಡ್ ಇನ್ನೂ ಕಲಿಸುವಂಥ ಉದಾಹರಣೆ. ವರ್ಲಿ ಕೋಲಿವಾಡದ ಬಳಿ ಕ್ಲೀವ್‌ಲ್ಯಾಂಡ್ ಬಂದರಿನಿಂದ ದೋಣಿಗಳು ಹೊರಡುವ ದಾರಿಯಲ್ಲಿ ಆ ರಸ್ತೆಯ ಸೇತುವೆಯ ಕಂಬಗಳ ನಡುವೆ 60 ಮೀಟರ್ ಸಾಕೆಂದು ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ಅಲೆ ಎದ್ದಾಗ, ಗಾಳಿ ತಿರುಗಿದಾಗ ಆ ಕಿಂಡಿಯಲ್ಲಿ ದೋಣಿ ನುಗ್ಗಿಸುವುದು ಪ್ರಾಣಕ್ಕೆ ಸಂಚಕಾರ ಎಂದು ದೋಣಿ ನಡೆಸುವ ತಾಂಡೇಲರು ಹೇಳಿದರು. ಕೆಲಸ ತಡೆದು, ತಿಂಗಳುಗಟ್ಟಲೆ ಪ್ರತಿಭಟಿಸಿದ ಮೇಲೆ ಮಹಾನಗರಪಾಲಿಕೆ 120 ಮೀಟರಿಗೆ ಒಪ್ಪಿತು. ಬೇಕಾದ ತಿಳಿವಳಿಕೆ ಕೋಲಿವಾಡದಲ್ಲೇ ಇತ್ತು. ನಕ್ಷೆ ಬರೆಯುವ ಮುನ್ನ ಕೇಳಿದ್ದರೆ ಪ್ರತಿಭಟನೆಯೂ ಬೇಕಿರಲಿಲ್ಲ, ಮರುವಿನ್ಯಾಸವೂ ಬೇಕಿರಲಿಲ್ಲ.

ಉತ್ತರ ಧ್ರುವದ ಅಂಚಿನ ದೇಶಗಳು ಈ ಪಾಠವನ್ನು ಬಹಳ ಕಾಲ ಕಲಿಯದೆ, ಕೊನೆಗೆ ನ್ಯಾಯಾಲಯದ ಮೂಲಕ ಕಲಿಯತೊಡಗಿವೆ. ಕೆನಡಾದ ನುನಾವುಟ್‌ನ ಕ್ಲೈಡ್ ರಿವರ್ ಸುಮಾರು ಸಾವಿರ ಜನರ ಇನ್ಯುಯಿಟ್ ಹಳ್ಳಿ. ಸೀಲ್, ನಾರ್ವಾಲ್‌ಗಳ ಬೇಟೆಯೇ ಅವರ ಊಟ, ಅವರ ಸಂಸ್ಕೃತಿ. ಅವರೆದುರಿನ ಬ್ಯಾಫಿನ್ ಕೊಲ್ಲಿಯಲ್ಲಿ ಐದು ವರ್ಷ ಸೈಸ್ಮಿಕ್ ಸರ್ವೇ ನಡೆಸಲು 2014ರಲ್ಲಿ ಅನುಮತಿ ಸಿಕ್ಕಿತು. ಮುಂಬಯಿಯ ಕಡಲಿನಲ್ಲಿ ಸಿಡಿಯುವ ಏರ್‌ಗನ್ನೇ ಅಲ್ಲಿಯೂ ಸಿಡಿಯಬೇಕಿತ್ತು. ಬೇಟೆಗೆ ಏನಾಗುತ್ತದೆ ಎಂದು ಊರಿನವರು ಕೇಳಿದ್ದಕ್ಕೆ ಕಂಪನಿಗಳು 3,926 ಪುಟಗಳ ದಾಖಲೆ ಮುಂದಿಟ್ಟವು. ಇನ್ಯುಯಿಟ್ ಭಾಷೆಯಲ್ಲಿದ್ದದ್ದು ಅದರ ಒಂದು ಚೂರು ಮಾತ್ರ. 2017ರ ಜುಲೈನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಅನುಮತಿಯನ್ನು ರದ್ದುಮಾಡಿತು. ಅದನ್ನು ಸಮಾಲೋಚನೆ ಎಂದು ಕರೆಯಲಾಗದು ಎಂಬುದು ತೀರ್ಪಿನ ಸಾರ. ಗಮನಿಸಬೇಕಾದದ್ದು, ಅಲ್ಲಿ ಒಂದು ಬಾವಿಯನ್ನೂ ಕೊರೆದಿರಲಿಲ್ಲ, ಪ್ರಶ್ನೆ ಇದ್ದದ್ದು ಬರೀ ಸರ್ವೇಯ ಬಗ್ಗೆ. ಕೆನಡಾದಲ್ಲೇ ಯೂಕಾನ್‌ನ ಮೇಲ್ಮನವಿ ನ್ಯಾಯಾಲಯ 2012ರಲ್ಲೇ ರಾಸ್ ರಿವರ್ ಡೆನಾ ಸಮುದಾಯದ ಪರವಾಗಿ ಇಂಥದೇ ನಿಲುವು ತಳೆದಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಯಾರು ಬೇಕಾದರೂ ಕಂಪ್ಯೂಟರಿನ ಮುಂದೆ ಕೂತು, ಅಲ್ಪ ಶುಲ್ಕ ಕಟ್ಟಿ, ಮೂಲನಿವಾಸಿಗಳ ನೆಲದ ಮೇಲೆ ಖನಿಜದ ಹಕ್ಕು ನೋಂದಾಯಿಸಬಹುದಿತ್ತು. ಗಿಟ್‌ಖಾಲಾ ಜನರು ಹೂಡಿದ ದಾವೆಯಲ್ಲಿ 2023ರಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ತಪ್ಪೆಂದಿತು, 2025ರ ಮಾರ್ಚ್‌ನಿಂದ ನೋಂದಣಿಗೆ ಮೊದಲೇ ಸಮಾಲೋಚನೆ ಕಡ್ಡಾಯವಾಯಿತು. ಫಿನ್ಲೆಂಡಿನಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ನೆಲದಲ್ಲಿ ಖನಿಜ ಶೋಧಕ್ಕೆ ಅನುಮತಿ ಕೊಟ್ಟದ್ದೇ ಅವರ ಹಕ್ಕಿನ ಉಲ್ಲಂಘನೆ ಎಂದು 2024ರಲ್ಲಿ ವಿಶ್ವಸಂಸ್ಥೆಯ ಎರಡು ಸಮಿತಿಗಳು ಹೇಳಿದವು. ಈ ದೇಶಗಳನ್ನು ಆದರ್ಶವೆಂದು ಹೊಗಳಬೇಕಿಲ್ಲ. ಶೋಧ ನಿರುಪದ್ರವಿ ಎಂಬ ವಾದ ಅಲ್ಲಿಯೂ ಬಲವಾಗಿಯೇ ಇತ್ತು, ಸಾಕ್ಷ್ಯದ ಮುಂದೆ ಸೋತಿತು ಎಂಬುದಷ್ಟೇ ನಮಗೆ ಮುಖ್ಯ.

ಇದಕ್ಕೆ ಬರುವ ಮೊದಲ ಆಕ್ಷೇಪ: ಇನ್ಯುಯಿಟರಿಗೆ 1993ರ ಭೂ ಒಪ್ಪಂದವಿದೆ, ಕೋಲಿಗಳಿಗೆ ಯಾವ ಒಪ್ಪಂದವಿದೆ? ಕಡಲು ಎಲ್ಲರದ್ದು, ಅದರಡಿಯ ತೈಲ ರಾಷ್ಟ್ರದ್ದು. ಇದು ಪರದೇಶದ ಕಲ್ಪನೆ, ನಮಗೆ ಹೊಂದದು. ಕಾನೂನಿನ ಸ್ಥಿತಿಯ ಬಗ್ಗೆ ಈ ಆಕ್ಷೇಪ ನಿಜವನ್ನೇ ಹೇಳುತ್ತದೆ. ಮುಂಬಯಿಯ ಮೀನುಗಾರ ಸೋನ್ ಕೋಲಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಅವರ ಊರುಗಳು ಅನುಸೂಚಿತ ಪ್ರದೇಶದಲ್ಲಿಲ್ಲ, ಅರಣ್ಯ ಹಕ್ಕು ಕಾಯ್ದೆಯಂಥದ್ದು ಕಡಲಿಗೆ ಬಂದಿಲ್ಲ. ಆದರೆ ಕಾನೂನು ಇಲ್ಲವೆಂಬುದು ಕಾನೂನು ಬೇಕೆಂಬ ವಾದಕ್ಕೆ ಉತ್ತರವಾಗದು. ಇದು ಪರದೇಶದ ಕಲ್ಪನೆ ಎಂಬ ಭಾಗವಂತೂ ಪೂರಾ ತಪ್ಪು. ಅನುಸೂಚಿತ ಪ್ರದೇಶಗಳಿಗೆ ಪಂಚಾಯತಿಯನ್ನು ವಿಸ್ತರಿಸಿದ 1996ರ ಪೆಸಾ ಕಾಯ್ದೆ, ಉಪಖನಿಜಗಳ ಗಣಿ ಗುತ್ತಿಗೆಗೆ ಮಾತ್ರವಲ್ಲ, ಶೋಧದ ಪರವಾನಗಿಗೂ ಗ್ರಾಮಸಭೆ ಅಥವಾ ಪಂಚಾಯತಿಯ ಪೂರ್ವ ಶಿಫಾರಸು ಕಡ್ಡಾಯವೆಂದು ಹೇಳಿದೆ. ಅಂದರೆ ಹುಡುಕುವ ಮುನ್ನ ಕೇಳಬೇಕೆಂಬ ತತ್ವವನ್ನು ನಮ್ಮ ಸಂಸತ್ತು ಕೆನಡಾದ ಈ ತೀರ್ಪುಗಳಿಗಿಂತ ಮೊದಲೇ ಒಪ್ಪಿತ್ತು. ವ್ಯಾಪ್ತಿ ಕಿರಿದು, ತತ್ವ ಸ್ಪಷ್ಟ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಭಾರತ ಪರವಾಗಿ ಮತ ಹಾಕಿತು, ಕೆನಡಾ ವಿರುದ್ಧವಾಗಿ ಹಾಕಿತು. ಅಂದು ವಿರೋಧಿಸಿದ ದೇಶ ಇಂದು ಆ ಘೋಷಣೆಯನ್ನು ತನ್ನ ಕಾನೂನಿನೊಳಗೆ ತರುತ್ತಿದೆ, ಅಂದು ಒಪ್ಪಿದ ನಾವು ಇದ್ದಬದ್ದ ಸಮಾಲೋಚನೆಯನ್ನೂ ಕಳಚುತ್ತಿದ್ದೇವೆ.

ಎರಡನೆಯ ಆಕ್ಷೇಪ ಹೆಚ್ಚು ಬುದ್ಧಿವಂತಿಕೆಯದು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಕೆಳಗೆ ಏನಿದೆ ಎಂಬುದು ಶೋಧ ನಡೆಯದೆ ಯಾರಿಗೂ ತಿಳಿಯದು, ತಿಳಿಯದ ವಿಷಯಕ್ಕೆ ಜನ ಒಪ್ಪಿಗೆ ಕೊಡುವುದಾದರೂ ಹೇಗೆ? ಮೊದಲು ಮಾಹಿತಿ, ಆಮೇಲೆ ಒಪ್ಪಿಗೆ ಎಂಬುದು ತರ್ಕಬದ್ಧವಲ್ಲವೇ? ಒಪ್ಪಿಗೆಯನ್ನು ಒಮ್ಮೆ ಕೊಟ್ಟು ಮುಗಿಸುವ ಸಹಿ ಎಂದುಕೊಂಡರೆ ಮಾತ್ರ ಈ ಗೊಂದಲ. ಪ್ರತಿ ಹಂತಕ್ಕೂ ಅದರದೇ ಪ್ರಶ್ನೆ ಇದೆ. ಸರ್ವೇಗೆ ಮುನ್ನ ಕೇಳಬೇಕಾದದ್ದು ಸರ್ವೇಯ ಬಗ್ಗೆ: ಯಾವ ತಿಂಗಳಲ್ಲಿ, ಯಾವ ಗೆರೆಗಳಲ್ಲಿ, ಎಷ್ಟು ದಿನ, ಆ ದಿನಗಳ ದುಡಿಮೆಯ ನಷ್ಟ ಯಾರು ತುಂಬಿಕೊಡುತ್ತಾರೆ, ಮೀನು ಮೊಟ್ಟೆಯಿಡುವ ಕಾಲ ಬಿಡುತ್ತೀರಾ, ಸಿಕ್ಕ ಮಾಹಿತಿಯಲ್ಲಿ ನಮಗೆ ಸಂಬಂಧಿಸಿದ್ದನ್ನು ಮರಾಠಿಯಲ್ಲಿ ನಮಗೂ ಕೊಡುತ್ತೀರಾ, ಮುಂದಿನ ಹಂತಕ್ಕೆ ‘ಬೇಡ’ ಎನ್ನುವ ಹಕ್ಕು ನಮಗೆ ಉಳಿಯುತ್ತದೆಯೇ? ಇವೆಲ್ಲಕ್ಕೂ ಹಡಗು ಹೊರಡುವ ಮುನ್ನವೇ ಉತ್ತರ ಕೊಡಬಹುದು, ಉತ್ತರಿಸಲು ತೈಲ ಸಿಗಲೇಬೇಕೆಂದಿಲ್ಲ. ಬಾವಿ ಕೊರೆಯುವಾಗ ಮತ್ತೆ ಕೇಳಿ, ಉತ್ಪಾದನೆಗೆ ಮುನ್ನ ಮತ್ತೆ ಕೇಳಿ. ಮಾಹಿತಿ ಬೆಳೆದಂತೆ ಒಪ್ಪಿಗೆಯೂ ಬೆಳೆಯಲಿ, ಇಲ್ಲವೇ ಹಿಂತೆಗೆದುಕೊಳ್ಳಲು ಬರಲಿ.

ಮೂರನೆಯದು ರಾಷ್ಟ್ರದ ಅಗತ್ಯದ ಮಾತು. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಸೌರಶಕ್ತಿ, ಬ್ಯಾಟರಿಗಳಿಗೆ ಬೇಕಾದ ಲಿಥಿಯಂ, ಅಪರೂಪದ ಲೋಹಗಳಿಗೆ ಪರರ ಮುಖ ನೋಡಬೇಕಾಗಿದೆ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟದ್ದು ಇದೇ ಆತಂಕದಿಂದ. ಈ ಆತಂಕ ನಿಜವಾದದ್ದು. ದಿನವೂ ಪೆಟ್ರೋಲು ಸುಡುವ, ಎಲ್‌ಪಿಜಿಯಲ್ಲಿ ಅಡುಗೆ ಮಾಡುವ ನಗರದವರು ತೈಲವೇ ಬೇಡ ಎನ್ನುವುದು ಪ್ರಾಮಾಣಿಕವಾಗದು. ಆದರೆ ಅಗತ್ಯದಿಂದ ಹುಟ್ಟುವುದು ಕೇಳದೆ ತೆಗೆದುಕೊಳ್ಳುವ ಹಕ್ಕಲ್ಲ. ಅಗತ್ಯವಿರುವವನ ಹೆಗಲಿಗೆ ವೆಚ್ಚ ಹೊರುವ ಹೊಣೆ ಬೀಳುತ್ತದೆ. ಇಡೀ ದೇಶಕ್ಕೆ ಲಾಭವೆಂದಾದರೆ ಅದರ ನಷ್ಟವನ್ನು ಕೆಲವು ಕೋಲಿವಾಡಗಳ ಮೇಲೆ ಮಾತ್ರ ಏಕೆ ಹೊರಿಸಬೇಕು? 2015ರಲ್ಲಿ ಸ್ಥಾಪನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಗಣಿ ಪ್ರದೇಶದವರಿಗೆ ಪಾಲು ಕೊಡಲೆಂದೇ ಬಂದವು. ಆದರೆ ಅವುಗಳ ಹುಂಡಿಗೆ ಹಣ ಬರುವುದು ಗಣಿ ನಡೆಯತೊಡಗಿದ ಮೇಲೆ. ತೈಲವಂತೂ ಅವುಗಳನ್ನು ತಂದ ಗಣಿ ಮತ್ತು ಖನಿಜ ಕಾಯ್ದೆಯ ವ್ಯಾಪ್ತಿಯಲ್ಲೇ ಇಲ್ಲ. ಹೀಗಾಗಿ ಶೋಧದ ಕಾಲದ ನಷ್ಟಕ್ಕೂ ಅಲ್ಲಿಂದ ಬಿಡಿಗಾಸಿಲ್ಲ, ಅರ್ಧ ಶತಮಾನ ಹರಿದ ಬಾಂಬೆ ಹೈ ತೈಲಕ್ಕೂ ಇಲ್ಲ. ಇನ್ನು ವೇಗದ ಮಾತು: ಕೇಳದೆ ಹೊರಟರೆ ಬೇಗ ಮುಟ್ಟುತ್ತೇವೆ ಎಂಬುದನ್ನು ಅನುಭವ ಒಪ್ಪುವುದಿಲ್ಲ. 2024ರ ನವೆಂಬರ್‌ನಲ್ಲಿ ಕಡಲತಳದ ಖನಿಜಗಳ 13 ಬ್ಲಾಕುಗಳನ್ನು ಹರಾಜಿಗಿಟ್ಟಾಗ ಕೊಲ್ಲಂ ಕಡಲಿನ ಮರಳೂ ಅದರಲ್ಲಿತ್ತು. 2025ರ ಫೆಬ್ರುವರಿಯಲ್ಲಿ ಕೇರಳದ ಕರಾವಳಿಯುದ್ದಕ್ಕೂ ಮೀನುಗಾರರು ದಿನವಿಡೀ ಹರತಾಳ ನಡೆಸಿದರು. ಮೊದಲ ದಿನ ಕೇಳದೆ ಉಳಿಸಿದ ಸಮಯ ಆಮೇಲೆ ಬೀದಿಯಲ್ಲೂ ನ್ಯಾಯಾಲಯದಲ್ಲೂ ಕಳೆಯುತ್ತದೆ.

ಕೊನೆಯ ಆಕ್ಷೇಪವನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ, ಕಚೇರಿಗಳಲ್ಲಿ ಪಿಸುಗುಟ್ಟುತ್ತಾರೆ: ಒಪ್ಪಿಗೆಯ ಅಧಿಕಾರ ಕೊಟ್ಟರೆ ಊರಿನ ಪುಢಾರಿಗಳು ಅದನ್ನು ವಸೂಲಿಯ ಸಾಧನ ಮಾಡಿಕೊಳ್ಳುತ್ತಾರೆ. ಅಂಥವರು ಇಲ್ಲವೆಂದಲ್ಲ. ಆದರೆ ಪುಢಾರಿ ಬೆಳೆಯುವುದು ನಿಯಮವಿಲ್ಲದ ಜಾಗದಲ್ಲಿ. ಯಾರಿಗೆ ಎಷ್ಟು ಪರಿಹಾರ, ಯಾವ ದಾಖಲೆಯ ಮೇಲೆ, ಎಷ್ಟು ದಿನದೊಳಗೆ ಎಂಬುದು ಬರಹದಲ್ಲಿ ಇಲ್ಲದಿದ್ದಾಗಲೇ ಮಧ್ಯವರ್ತಿಗೆ ಬೆಲೆ. ಮೀನುಗಾರರ ಸಹಕಾರ ಸಂಘಗಳ ಬಳಿ ಬೋಟುಗಳ ನೋಂದಣಿಯಿದೆ, ಡೀಸೆಲ್ ರಿಯಾಯಿತಿಯ ಲೆಕ್ಕವಿದೆ, ಮಾರಾಟದ ದಾಖಲೆಯಿದೆ. ಆ ಲೆಕ್ಕದ ಆಧಾರದ ಮೇಲೆ ಸಭೆ ಕರೆದು, ನಡಾವಳಿ ಬರೆದು ಪಡೆಯುವ ಒಪ್ಪಿಗೆಗಿಂತ ಪಾರದರ್ಶಕವಾದದ್ದು ಇನ್ನೇನು? ಆ ಸಭೆಯಲ್ಲಿ ಹೆಂಗಸರ ಮಾತಿಗೂ ತೂಕ ಇರಬೇಕು. ಬಲೆ ಬೀಸುವವರು ಗಂಡಸರಾದರೂ ಮೀನು ವಿಂಗಡಿಸಿ, ಒಣಗಿಸಿ, ಮಾರುಕಟ್ಟೆಗೊಯ್ದು ಮನೆ ನಡೆಸುವವರು ಕೋಲಿ ಹೆಂಗಸರು. ಬೋಟು ದಡದಲ್ಲೇ ಉಳಿದ ದಿನ ಅವರ ಬುಟ್ಟಿಯೂ ಖಾಲಿ, ಆದರೆ ಬೋಟಿನ ಮಾಲೀಕರನ್ನಷ್ಟೇ ಎಣಿಸುವ ಪರಿಹಾರದಲ್ಲಿ ಅವರ ಹೆಸರಿರುವುದಿಲ್ಲ.

ಹೀಗಾಗಿ ಬೇಡಿಕೆ ಸರಳವಾಗಿದೆ. ಸೈಸ್ಮಿಕ್ ಸರ್ವೇಯೂ ಸೇರಿದಂತೆ ಎಲ್ಲ ಬಗೆಯ ಖನಿಜ ಮತ್ತು ತೈಲ ಶೋಧಕ್ಕೆ ಪೂರ್ವ ಸಮಾಲೋಚನೆಯನ್ನು ಕಾನೂನು ಕಡ್ಡಾಯಗೊಳಿಸಬೇಕು. ಪೆಸಾ ಒಪ್ಪಿದ ತತ್ವವನ್ನು ಕರಾವಳಿಯ ಸಾಂಪ್ರದಾಯಿಕ ಮೀನುಗಾರರಿಗೂ ವಿಸ್ತರಿಸಬೇಕು. ಶೋಧದ ಹಂತದಲ್ಲೇ ನಷ್ಟ ತುಂಬುವ ನಿಧಿ ಇರಬೇಕು, ಅದಕ್ಕೆ ಹಣವನ್ನು ಸರ್ವೇ ಆರಂಭವಾಗುವ ಮೊದಲೇ ಇಡಬೇಕು. ಸರ್ವೇಯ ಗೆರೆ ಮತ್ತು ಕಾಲವನ್ನು ಮೀನುಗಾರರ ಜೊತೆ ಕೂತು ಗೊತ್ತುಪಡಿಸಬೇಕು. ಮುಂದಿನ ಹಂತಕ್ಕೆ ನಿರಾಕರಿಸುವ ಹಕ್ಕು ಕಾಗದದ ಮೇಲೆ ಇರಬೇಕು. ಇವಿಲ್ಲದೆ ಕಂಪನಿಗಳು ಹೇಳಿಕೊಳ್ಳುವ ‘ಜವಾಬ್ದಾರಿಯುತ ಶೋಧ’ ಅವರು ಇಷ್ಟಪಟ್ಟಾಗ ತೋರುವ ಸೌಜನ್ಯವಷ್ಟೇ ಆಗುತ್ತದೆ. ಈ ವಿಷಯದಲ್ಲಿ ಮುಂಬಯಿಗರಿಗೆ ಹೆಚ್ಚಿನ ಹೊಣೆಯಿದೆ, ಏಕೆಂದರೆ ದೇಶದೆಲ್ಲೆಡೆಯ ಗಣಿ ಕಂಪನಿಗಳು ಬಂಡವಾಳ ಎತ್ತುವುದು ಈ ನಗರದ ಷೇರುಪೇಟೆಯಲ್ಲಿ, ಅದರಲ್ಲಿ ನಮ್ಮ ಉಳಿತಾಯ, ಭವಿಷ್ಯನಿಧಿ, ಮ್ಯೂಚುವಲ್ ಫಂಡುಗಳ ಹಣವೂ ಸೇರಿದೆ. ಕನ್ನಡಿಗರಿಗೆ ಇನ್ನೂ ಹತ್ತಿರದ ಕಾರಣವಿದೆ. 1902ರಷ್ಟು ಹಿಂದೆಯೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ಕರಾವಳಿಯ ಜನರಿಗೆ ಕಡಲಿನ ದುಡಿಮೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. 2024ರಲ್ಲಿ ಕೊಲ್ಲಂ ಎದುರಿನ ಮರಳು ಹರಾಜಿಗೆ ಬಂತು. ಮಲ್ಪೆ, ಗಂಗೊಳ್ಳಿ, ಕಾರವಾರಗಳ ಎದುರಿನ ಕಡಲು ಎಂದೂ ಬರುವುದಿಲ್ಲ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಕೋಲಿವಾಡದ ಪರವಾಗಿ ಇವತ್ತು ಎತ್ತಬೇಕಾದ ಪ್ರಶ್ನೆಯನ್ನು ನಾಳೆ ನಮ್ಮದೇ ಊರಿನ ಪರವಾಗಿ ಎತ್ತಬೇಕಾದೀತು, ಮತ್ತು ಆಗಲೂ ಎದುರಾಗುವ ಉತ್ತರ ‘ಸರ್ವೇ ಅಷ್ಟೇ’ ಎಂಬುದೇ. ಆ ಉತ್ತರವನ್ನು ಒಪ್ಪಿಕೊಳ್ಳುವುದೆಂದರೆ ಆಮೇಲಿನ ಎಲ್ಲ ಪ್ರಶ್ನೆಗಳನ್ನೂ ಮೊದಲೇ ಬಿಟ್ಟುಕೊಟ್ಟಂತೆ. ಅದನ್ನು ಒಪ್ಪದಿರುವುದರಿಂದಲೇ ನಮ್ಮ ಹಕ್ಕಿನ ಮಾತು ಶುರುವಾಗಬೇಕು.